ಸುತ್ತುವ ಕಲ್ಲಿನ ವೇಗೋತ್ಕರ್ಷ ನಡುವಿಗೆ, ಮೇಲೆ ಹೋಗುವ ಚೆಂಡಿನದು ಕೆಳಕ್ಕೆ: ಯಾಕೆ ಹೀಗೆ?

ಕಾಗದದೋಣಿ

ಮಗಳಿಗೆ ಭೌತಶಾಸ್ತ್ರ ಹೇಳಿಕೊಡಲು ಕೂತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಮೊದಲನೆಯದು. ದಾರಕ್ಕೆ ಕಟ್ಟಿದ ಕಲ್ಲನ್ನು ಒಂದೇ ಜವದಲ್ಲಿ ತಿರುಗಿಸುತ್ತಿದ್ದೇವೆ ಅಂತಿಟ್ಟುಕೊಳ್ಳಿ. ಜವ ಜಾಸ್ತಿಯಾಗುತ್ತಿಲ್ಲ, ಕಡಿಮೆಯೂ ಆಗುತ್ತಿಲ್ಲ. ಆದರೂ ವೇಗೋತ್ಕರ್ಷ ಇದೆ, ಅದು ವೃತ್ತದ ನಡುವಿನ ಕಡೆಗಿದೆ ಎಂದು ಪುಸ್ತಕ ಹೇಳುತ್ತದೆ. ಕಲ್ಲು ಮಾತ್ರ ನಡುವಿಗೆ ಕೂದಲೆಳೆಯಷ್ಟೂ ಹತ್ತಿರ ಬರುವುದಿಲ್ಲ. ಬರದೇ ಇರುವ ಕಡೆಗೆ ವೇಗೋತ್ಕರ್ಷ ಹೇಗೆ?

ಎರಡನೆಯದು. ಮೇಲಕ್ಕೆ ಎಸೆದ ಚೆಂಡು ತುತ್ತತುದಿಗೆ ಹೋದಾಗ ಅದರ ವೇಗ ಸೊನ್ನೆ. "ಹಾಗಾದರೆ ಅಲ್ಲಿ ವೇಗೋತ್ಕರ್ಷವೂ ಸೊನ್ನೆ ಅಲ್ವಾ ಅಮ್ಮಾ?" ಎಂದು ಮಗಳು ಕೇಳಿದಳು. ನಾನು ಹೌದು ಅಂದುಬಿಟ್ಟೆ. ಆಮೇಲೆ ಪುಸ್ತಕದ ಕೊನೆಯ ಪುಟ ನೋಡಿದರೆ 9.8 ಮೀ/ಸೆ² ಎಂದಿದೆ. ಮಗುವಿಗೆ ತಪ್ಪು ಹೇಳಿಕೊಟ್ಟೆನಲ್ಲಾ ಎಂದು ನಿನ್ನೆಯಿಂದ ಮನಸ್ಸು ಕೊರೆಯುತ್ತಿದೆ.

ಮೂರನೇಸಾಲು

ಮೊದಲನೆಯದು ಸುಲಭ ಮೇಡಂ. ದಾರ ಒಳಕ್ಕೆ ಎಳೆಯುತ್ತದೆ, ಅದು ಕೇಂದ್ರಾಭಿಮುಖ ಬಲ. ಹೊರಕ್ಕೆ ಕೇಂದ್ರತ್ಯಾಗಿ ಬಲ ಇರುತ್ತದೆ. ಎರಡೂ ಸಮ. ಅದಕ್ಕೇ ಕಲ್ಲು ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಎರಡನೆಯದಕ್ಕೆ, ಗುರುತ್ವ ಯಾವಾಗಲೂ ಇರುತ್ತದೆ, ಆದ್ದರಿಂದ 9.8.

ಕಪ್ಪುಹಲಗೆ

ಮೂರನೇಸಾಲು, ಎರಡನೆಯ ಉತ್ತರ ಸರಿ. ಮೊದಲನೆಯದನ್ನು ಒಪ್ಪುವುದಕ್ಕೆ ಆಗುವುದಿಲ್ಲ. ಎರಡು ಬಲ ಸಮವಾಗಿ ಎದುರುಬದುರು ನಿಂತರೆ ಒಟ್ಟು ಬಲ ಸೊನ್ನೆ. ಒಟ್ಟು ಬಲ ಸೊನ್ನೆಯಾದರೆ ಕಲ್ಲು ನೇರ ಗೆರೆಯಲ್ಲಿ ಹೋಗಬೇಕು, ವೃತ್ತದಲ್ಲಲ್ಲ. ಹೊರಗೆ ನಿಂತು ನೋಡುವವರ ಲೆಕ್ಕದಲ್ಲಿ ಕಲ್ಲನ್ನು ಹೊರಕ್ಕೆ ಎಳೆಯುವ ಯಾವುದೂ ಇಲ್ಲ. ದಾರ ಕಡಿದುಹೋದರೆ ಕಲ್ಲು ಹೊರಮುಖವಾಗಿ ಚಿಮ್ಮುವುದಿಲ್ಲ, ಆ ಕ್ಷಣದಲ್ಲಿ ಯಾವ ಕಡೆ ಹೋಗುತ್ತಿತ್ತೋ ಅದೇ ಸ್ಪರ್ಶಕದ ಗುಂಟ ಹೋಗುತ್ತದೆ. ಹೊರಕ್ಕೆ ತಳ್ಳಿದಂತೆ ಅನ್ನಿಸುವುದು ಕಲ್ಲಿನ ಜೊತೆಗೇ ಸುತ್ತುವವರಿಗೆ. ಅವರ ಲೆಕ್ಕದಲ್ಲಿ ಆ ಬಲವನ್ನು ಸೇರಿಸಿಕೊಳ್ಳಬಹುದು, ತಪ್ಪಿಲ್ಲ. ಆದರೆ ಅವರಿಗೆ ಕಲ್ಲು ಸುತ್ತುತ್ತಲೇ ಇಲ್ಲ, ನಿಂತೇ ಇದೆ. ಎರಡು ಲೆಕ್ಕವನ್ನು ಬೆರೆಸಬಾರದು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಪರೀಕ್ಷೆಯ ಹಾಳೆಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಇದೇ.

ಕಾಗದದೋಣಿಯವರೇ, ತೊಡಕು ಶುರುವಾಗುವುದೇ ಪದದಿಂದ. ಉತ್ಕರ್ಷ ಅಂದರೆ ಏರಿಕೆ. ವೇಗೋತ್ಕರ್ಷ ಅಂದ ತಕ್ಷಣ ಏನೋ ಜಾಸ್ತಿ ಆಗುತ್ತಿದೆ ಎಂದು ಕಿವಿ ಕೇಳಿಸಿಕೊಳ್ಳುತ್ತದೆ. ನಿಜಕ್ಕೂ ಅದು ವೇಗದ ಬದಲಾವಣೆ, ಅಷ್ಟೇ. ನಾನು ಮಕ್ಕಳಿಗೆ ಮೊದಲ ವಾರ "ವೇಗಬದಲು" ಎಂದೇ ಹೇಳುತ್ತಿದ್ದೆ. ಇನ್ನೊಂದು, ದಿನದ ಮಾತಿನಲ್ಲಿ ಜವವೂ ವೇಗವೂ ಒಂದೇ. ಇಲ್ಲಿ ಬೇರೆ ಬೇರೆ. ಜವ ಬರೀ ಎಷ್ಟು ಅನ್ನುವುದು. ವೇಗದಲ್ಲಿ ಎಷ್ಟು ಅನ್ನುವುದರ ಜೊತೆಗೆ ಯಾವ ಕಡೆಗೆ ಅನ್ನುವುದೂ ಇದೆ. ದಿಕ್ಕು ತಿರುಗಿದರೂ ವೇಗ ಬದಲಾದಂತೆಯೇ.

ಈಗ ಗೋಡೆ ಗಡಿಯಾರ ನೋಡಿ. ಸೆಕೆಂಡ್ ಮುಳ್ಳಿನ ತುದಿಯಲ್ಲಿ ಒಂದು ಇರುವೆ ಕೂತಿದೆ ಅಂದುಕೊಳ್ಳಿ. ಮುಳ್ಳು 12ರಲ್ಲಿದ್ದಾಗ ಇರುವೆ ಬಲಕ್ಕೆ ಹೋಗುತ್ತಿರುತ್ತದೆ. 3ರಲ್ಲಿದ್ದಾಗ ಕೆಳಕ್ಕೆ. ಕಾಗದದ ಮೇಲೆ ಒಂದು ಚುಕ್ಕಿ ಇಟ್ಟು ಅಲ್ಲಿಂದಲೇ ಎರಡೂ ಬಾಣ ಬರೆಯಿರಿ: ಒಂದು ಬಲಕ್ಕೆ, ಒಂದು ಕೆಳಕ್ಕೆ, ಎರಡೂ ಒಂದೇ ಉದ್ದ. ಮೊದಲ ಬಾಣದ ತುದಿಯಿಂದ ಎರಡನೆಯ ಬಾಣದ ತುದಿಗೆ ಗೆರೆ ಎಳೆಯಿರಿ. ಆ ಗೆರೆಯೇ ವೇಗದ ಬದಲಾವಣೆ. ಯಾವ ಕಡೆ ಹೋಯಿತು? ಎಡಕ್ಕೆ ಮತ್ತು ಕೆಳಕ್ಕೆ, ಓರೆಯಾಗಿ. ಈ ಬದಲಾವಣೆ ಆದದ್ದು 12 ಮತ್ತು 3ರ ನಡುವೆ, ಅಂದರೆ ಸರಾಸರಿ ಒಂದೂವರೆಯ ಜಾಗದಲ್ಲಿ. ಒಂದೂವರೆಯ ಜಾಗದಲ್ಲಿ ನಿಂತು ನೋಡಿದರೆ ಗಡಿಯಾರದ ನಡುಭಾಗ ಯಾವ ಕಡೆ ಇದೆ? ಎಡಕ್ಕೆ ಮತ್ತು ಕೆಳಕ್ಕೆ, ಅದೇ ಓರೆಯಲ್ಲಿ.

ಇನ್ನೂ ಹತ್ತಿರದ ಎರಡು ಜಾಗ ತೆಗೆದುಕೊಂಡು ಮಾಡಿ, 1 ಮತ್ತು 2 ಅಂತಿರಲಿ. ಆಗಲೂ ಇದೇ ಬರುತ್ತದೆ. ನಡುವಿನ ಕಡೆಗೆ ಅನ್ನುವುದು ಯಾರೋ ಮಾಡಿದ ನಿಯಮ ಅಲ್ಲ, ಎರಡು ಬಾಣ ಕಳೆದಾಗ ಸಿಗುವ ಉತ್ತರ.

ಕಾಗದದೋಣಿ

ಮೇಷ್ಟ್ರೇ, ಬರೆದು ನೋಡಿದೆ. ಬಂತು! ಮಗಳು 6 ಮತ್ತು 9 ತೆಗೆದುಕೊಂಡು ಬರೆದಳು. ಎಡಕ್ಕೆ ಹೋಗುವ ಬಾಣ, ಮೇಲಕ್ಕೆ ಹೋಗುವ ಬಾಣ. ಬದಲಾವಣೆ ಬಲಕ್ಕೆ ಮತ್ತು ಮೇಲಕ್ಕೆ ಬಂತು. ಏಳೂವರೆಯ ಜಾಗದಿಂದ ನಡು ಇರುವುದೂ ಆ ಕಡೆಗೇ.

ಆದರೆ ಒಂದು ಮುಳ್ಳು ಇನ್ನೂ ಉಳಿದಿದೆ. ಒಳಮುಖವಾಗಿ ವೇಗೋತ್ಕರ್ಷ ಇದ್ದರೆ ಎಂದಾದರೂ ಒಳಗೆ ಬಂದು ಬೀಳಬೇಕಲ್ಲ? ಯಾಕೆ ಬೀಳುವುದಿಲ್ಲ?

ದಾರದುಂಡೆ

ಬೀಳುತ್ತಲೇ ಇರುತ್ತದೆ. ಯಾವುದಕ್ಕೆ ಹೋಲಿಸಿ ಅನ್ನುವುದೇ ಪ್ರಶ್ನೆ.

ಚಂದ್ರನ ಲೆಕ್ಕ ಮಾಡೋಣ, ಇದು ನನಗೆ ತುಂಬ ಇಷ್ಟದ ಲೆಕ್ಕ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರ. ಒಂದು ಸುತ್ತಿಗೆ 27.3 ದಿನ. ಹಾಗಾದರೆ ಅದರ ಜವ ಸೆಕೆಂಡಿಗೆ ಸುಮಾರು 1.02 ಕಿಲೋಮೀಟರ್. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ: 0.0027 ಮೀ/ಸೆ².

ಈ ಸಂಖ್ಯೆಯ ಅರ್ಥ ನೋಡಿ. ಭೂಮಿಯ ಎಳೆತ ಇಲ್ಲದಿದ್ದರೆ ಚಂದ್ರ ಮುಂದಿನ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ನೇರವಾಗಿ ಹೋಗುತ್ತಿತ್ತು. ಎಳೆತ ಇರುವುದರಿಂದ ಆ ನೇರ ಗೆರೆಯಿಂದ ಭೂಮಿಯ ಕಡೆಗೆ 1.4 ಮಿಲಿಮೀಟರಿನಷ್ಟು ಬೀಳುತ್ತದೆ. ಉಗುರಿನ ದಪ್ಪದ ಎರಡು ಮೂರು ಪಟ್ಟು, ಅಷ್ಟೇ. ಆದರೆ ಅಷ್ಟು ಹೊತ್ತಿಗೆ ಚಂದ್ರ ಪಕ್ಕಕ್ಕೂ ಸರಿದಿರುತ್ತದೆ. ಬಿದ್ದದ್ದಕ್ಕೂ ಸರಿದದ್ದಕ್ಕೂ ಸರಿಹೋಗಿ ದೂರ ಮೊದಲಿನಷ್ಟೇ ಉಳಿಯುತ್ತದೆ. ಮುಂದಿನ ಸೆಕೆಂಡಿನಲ್ಲಿ ನೇರ ಗೆರೆಯೂ ಬೇರೆ, ಬೀಳುವ ದಿಕ್ಕೂ ಬೇರೆ. ಮತ್ತೆ 1.4 ಮಿಲಿಮೀಟರ್.

ಇಲ್ಲಿ ನಮ್ಮ ಕೈಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. 4.9 ಮೀಟರನ್ನು 1.36 ಮಿಲಿಮೀಟರಿನಿಂದ (1.4 ಅನ್ನುವುದು ಇದನ್ನೇ ದುಂಡಾಗಿಸಿದ್ದು) ಭಾಗಿಸಿದರೆ ಹೆಚ್ಚುಕಡಿಮೆ 3600. ಅಂದರೆ 60ರ ವರ್ಗ. ಚಂದ್ರನ ದೂರ ಭೂಮಿಯ ತ್ರಿಜ್ಯದ 60 ಪಟ್ಟು! ದೂರ ಹೆಚ್ಚಿದಂತೆ ಗುರುತ್ವ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ ಅನ್ನುವುದಕ್ಕೆ ನ್ಯೂಟನ್ ತೋರಿಸಿದ ಸಾಕ್ಷಿ ಇದೇ. 1687ರ ಅವರ ಪುಸ್ತಕ ಪ್ರಿನ್ಸಿಪಿಯಾದಲ್ಲಿದೆ. ಮೊದಲ ಸಲ ಈ ಲೆಕ್ಕ ಕೈಯಾರೆ ಮಾಡಿ 3600 ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಪ್ರಶ್ನೆ ಎಂದು ಅವತ್ತು ಗೊತ್ತಾಯಿತು. ಕೈಯಿಂದ ಬಿಟ್ಟ ಕಲ್ಲೂ ಚಂದ್ರನೂ ಮಾಡುತ್ತಿರುವುದು ಅದೇ ಕೆಲಸ.

ಮೂರನೇಸಾಲು

ನನ್ನ ತಪ್ಪು ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ದಾರ ಕಡಿದರೆ ಹೊರಕ್ಕೆ ಹಾರುತ್ತದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.

ಚೆಂಡಿನ ಪ್ರಶ್ನೆ ನಾನು ಬಿಡಿಸಿ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದೆವು. ಒಂದು ಸೆಕೆಂಡ್ ಆದಮೇಲೆ ಮೇಲಕ್ಕೆ 9.8. ಎರಡು ಸೆಕೆಂಡಿಗೆ ಸೊನ್ನೆ. ಮೂರಕ್ಕೆ ಕೆಳಕ್ಕೆ 9.8. ನಾಲ್ಕಕ್ಕೆ ಕೆಳಕ್ಕೆ 19.6. ಪ್ರತಿ ಸೆಕೆಂಡಿಗೂ ಬದಲಾವಣೆ ಒಂದೇ: ಕೆಳಕ್ಕೆ 9.8. ಸೊನ್ನೆ ಬಂದದ್ದು ಈ ಸಾಲಿನ ನಡುವಿನ ಒಂದು ಸಂಖ್ಯೆ ಮಾತ್ರ.

ತುದಿಯನ್ನೇ ಹತ್ತಿರದಿಂದ ನೋಡಬೇಕಾದರೆ, ಅಲ್ಲಿಗೆ ಮುಟ್ಟುವ ಸೆಕೆಂಡಿನ ಹತ್ತನೇ ಒಂದು ಭಾಗ ಮೊದಲು ವೇಗ ಮೇಲಕ್ಕೆ 0.98. ಅಷ್ಟೇ ಹೊತ್ತು ಆದಮೇಲೆ ಕೆಳಕ್ಕೆ 0.98. ಒಟ್ಟು 1.96 ಬದಲಾಯಿತು, 0.2 ಸೆಕೆಂಡಿನಲ್ಲಿ. ಭಾಗಿಸಿದರೆ ಮತ್ತೆ 9.8.

ಕಪ್ಪುಹಲಗೆ

ಚೆನ್ನಾಗಿ ಬರೆದಿದ್ದೀರಿ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ತುದಿಯಲ್ಲಿ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ನೇತಾಡಿಕೊಂಡು ಇರಬೇಕಿತ್ತು. ಸೊನ್ನೆಯಾದ ವೇಗ ಮತ್ತೆ ಬದಲಾಗಲು ಕಾರಣವೇ ಇರುತ್ತಿರಲಿಲ್ಲ. ಕಾಗದದೋಣಿಯವರೇ, ನಾಳೆ ಮಗಳಿಗೆ ಈ ಒಂದು ಮಾತು ಹೇಳಿ, ಸಾಕು. ತಪ್ಪು ಹೇಳಿದೆ ಎಂದು ಕೊರಗಬೇಡಿ. ಅವಳ ಪ್ರಶ್ನೆ ಒಳ್ಳೆಯ ಪ್ರಶ್ನೆ.

ಋಣ ಚಿಹ್ನೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಮುಂದಿನ ಗೊಂದಲ ಅಲ್ಲೇ. ಮೇಲಕ್ಕೆ ಧನ ಎಂದಿಟ್ಟುಕೊಂಡರೆ ಗುರುತ್ವ ವೇಗೋತ್ಕರ್ಷ −9.8. ಋಣ ಅಂದರೆ ನಿಧಾನವಾಗುವುದು ಎಂದಲ್ಲ. ಕೆಳಗೆ ಬೀಳುವ ಚೆಂಡಿಗೂ −9.8, ಅದರ ಜವ ಏರುತ್ತಲೇ ಇದೆ. ವೇಗ ಮತ್ತು ವೇಗೋತ್ಕರ್ಷ ಒಂದೇ ಕಡೆ ಇದ್ದರೆ ಜವ ಏರುತ್ತದೆ, ಎದುರು ಇದ್ದರೆ ಇಳಿಯುತ್ತದೆ, ಒಂದಕ್ಕೊಂದು ಲಂಬವಾಗಿದ್ದರೆ ಜವ ಹಾಗೇ ಇದ್ದು ದಿಕ್ಕು ಮಾತ್ರ ತಿರುಗುತ್ತದೆ. ಚೆಂಡು, ಚಂದ್ರ, ಗಡಿಯಾರದ ಮುಳ್ಳು ಎಲ್ಲವೂ ಈ ಮೂರರಲ್ಲೇ ಬಂದವು.

ದಾರದುಂಡೆ

ಲೆಕ್ಕ ಆಯಿತು, ಈಗ ಕಣ್ಣಾರೆ ನೋಡಬೇಕಾದರೆ ಇದನ್ನು ಮಾಡಿ. ನಾನು ಮಾಡಿದ್ದೇನೆ.

ಅಗಲ ಬಾಯಿಯ ಪಾರದರ್ಶಕ ಬಾಟಲಿ ಬೇಕು. ಒಂದು ಥರ್ಮಾಕೋಲ್ ಗುಂಡಿಗೆ ದಾರ ಕಟ್ಟಿ. ದಾರದ ಇನ್ನೊಂದು ತುದಿಯನ್ನು ಮುಚ್ಚಳದ ಒಳಭಾಗಕ್ಕೆ ಅಂಟಿಸಿ. ಬಾಟಲಿಗೆ ಕಂಠಪೂರ್ತಿ ನೀರು ತುಂಬಿ, ಮುಚ್ಚಳ ಬಿಗಿಮಾಡಿ ತಲೆಕೆಳಗೆ ಹಿಡಿಯಿರಿ. ಗುಂಡು ತೇಲಲು ನೋಡುತ್ತದೆ, ದಾರ ಹಿಡಿದುಕೊಳ್ಳುತ್ತದೆ. ಗುಂಡು ನೆಟ್ಟಗೆ ಮೇಲಕ್ಕೆ ನಿಲ್ಲುತ್ತದೆ.

ಈಗ ಬಾಟಲಿ ಹಿಡಿದು ಸರಕ್ಕನೆ ಮುಂದಕ್ಕೆ ಹೆಜ್ಜೆ ಹಾಕಿ. ಗುಂಡು ಹಿಂದಕ್ಕೆ ವಾಲುತ್ತದೆ ಅಂದುಕೊಂಡಿರುತ್ತೀರಿ. ಮುಂದಕ್ಕೆ ವಾಲುತ್ತದೆ. ನಿಲ್ಲಿಸಿದರೆ ಹಿಂದಕ್ಕೆ. ನೀರು ಗುಂಡಿಗಿಂತ ಭಾರ, ಅದು ಇದ್ದ ಹಾಗೇ ಇರಲು ನೋಡಿ ಹಿಂದೆ ಒತ್ತಿಕೊಳ್ಳುತ್ತದೆ, ಹಗುರವಾದ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಅಂದರೆ ಗುಂಡು ವಾಲುವ ಕಡೆಗೇ ವೇಗೋತ್ಕರ್ಷ.

ಆಮೇಲೆ ತಿರುಗುವ ಕುರ್ಚಿಯಲ್ಲಿ ಕೂತು ಕೈ ಮುಂದೆ ಚಾಚಿ ಬಾಟಲಿ ಹಿಡಿಯಿರಿ. ಯಾರಾದರೂ ಕುರ್ಚಿಯನ್ನು ಸಮವಾಗಿ ತಿರುಗಿಸಲಿ. ಗುಂಡು ನಿಮ್ಮ ಮುಖದ ಕಡೆಗೆ ಬಾಗುತ್ತದೆ! ಸುತ್ತುವ ಕಡೆಗಲ್ಲ, ಹೊರಕ್ಕೂ ಅಲ್ಲ, ನಿಮ್ಮ ಕಡೆಗೇ. ತಿರುಗುವಷ್ಟು ಹೊತ್ತೂ ಹಾಗೇ ಬಾಗಿ ನಿಂತಿರುತ್ತದೆ. ಬಾಟಲಿ 60 ಸೆಂಟಿಮೀಟರ್ ದೂರದಲ್ಲಿದ್ದು ಎರಡು ಸೆಕೆಂಡಿಗೆ ಒಂದು ಸುತ್ತು ಆದರೆ ವೇಗೋತ್ಕರ್ಷ 5.9 ಮೀ/ಸೆ², ಬಾಗು ಸುಮಾರು 31 ಡಿಗ್ರಿ. ಚೆನ್ನಾಗಿ ಕಾಣುತ್ತದೆ. ಜೋರಾಗಿ ತಿರುಗಿಸಿದರೆ ಬಾಗು ಹೆಚ್ಚುತ್ತದೆ.

ಕಾಗದದೋಣಿ

ಮಾಡಿದೆವು! ಮಗಳು ಕುರ್ಚಿಯಲ್ಲಿ, ನಾನು ತಿರುಗಿಸಿದ್ದು. ಮೊದಲ ಸಲ ಮುಚ್ಚಳ ಸೋರಿ ಅವಳ ಮಡಿಲೆಲ್ಲ ನೀರು. ಎರಡನೇ ಸಲ ಗುಂಡು ಅವಳ ಮೂಗಿನ ಕಡೆಗೆ ಬಾಗಿ ನಿಂತಿತು. "ಅಮ್ಮಾ, ಇದು ನನ್ನನ್ನೇ ನೋಡ್ತಿದೆ" ಅಂದಳು. ಕುರ್ಚಿ ನಿಂತಮೇಲೆ ಅವಳೇ ಮತ್ತೆ ಕಾಲಿನಿಂದ ತಳ್ಳಿಕೊಂಡು ನಾಲ್ಕು ಸಲ ತಿರುಗಿದಳು.

ಆದರೆ ಆಮೇಲೆ ಒಂದು ಮಾತು ಕೇಳಿದಳು, ನನಗೆ ಉತ್ತರ ಬರಲಿಲ್ಲ. "ಗುಂಡು ವೇಗೋತ್ಕರ್ಷದ ದಿಕ್ಕು ತೋರಿಸುವುದಾದರೆ, ಬಾಟಲಿ ಸುಮ್ನೆ ಮೇಜಿನ ಮೇಲಿದ್ದಾಗ ಯಾಕೆ ಮೇಲಕ್ಕೆ ತೋರಿಸುತ್ತದೆ? ಆಗ ವೇಗೋತ್ಕರ್ಷ ಇಲ್ಲವಲ್ಲ."

ಮೂರನೇಸಾಲು

ಫೋನಿನಲ್ಲೂ ಇದೇ ಆಗುತ್ತದೆ! ಜರ್ಮನಿಯ ಆಖೆನ್‌ನ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಆ್ಯಪ್ ಹಾಕಿಕೊಂಡು ನೋಡಿದ್ದೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟರೆ ಅದರೊಳಗಿನ ವೇಗೋತ್ಕರ್ಷ ಅಳೆಯುವ ಸಂವೇದಕ 9.8 ತೋರಿಸುತ್ತದೆ, ಅದೂ ಮೇಲಕ್ಕೆ. ದಪ್ಪ ಹಾಸಿಗೆಯ ಮೇಲೆ ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಬೀಳುವ ಸುಮಾರು 0.45 ಸೆಕೆಂಡ್ ಆ್ಯಪ್‌ನ ನಕ್ಷೆಯ ಗೆರೆ ಸೊನ್ನೆಯ ಹತ್ತಿರ ಕೂರುತ್ತದೆ. ಪೂರ್ತಿ ಉಲ್ಟಾ. ನಿಂತಾಗ 9.8, ಬೀಳುವಾಗ ಸೊನ್ನೆ. ಸಂವೇದಕ ಕೆಟ್ಟಿದೆ ಎಂದುಕೊಂಡಿದ್ದೆ.

ಕಪ್ಪುಹಲಗೆ

ಕೆಟ್ಟಿಲ್ಲ. ಇದು ಈ ವಿಷಯದ ಅತಿ ಸೊಗಸಾದ ಜಾಗ. ಹನ್ನೊಂದು ಹನ್ನೆರಡು ವರ್ಷದ ಮಗು ತಾನಾಗಿ ಇಲ್ಲಿಗೆ ಬಂದಿದೆ ಅಂದರೆ ನನಗೆ ತುಂಬ ಸಂತೋಷ.

ಸಂವೇದಕದ ಒಳಗೆ ಒಂದು ಪುಟಾಣಿ ತೂಕ, ಅದನ್ನು ಹಿಡಿದ ಸ್ಪ್ರಿಂಗ್. ಸ್ಪ್ರಿಂಗ್ ಎಷ್ಟು ಬಾಗಿತು ಅನ್ನುವುದನ್ನೇ ಅದು ಅಳೆಯುವುದು. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿದೆ, ಸ್ಪ್ರಿಂಗ್ ಆ ತೂಕವನ್ನು ಮೇಲಕ್ಕೆ ಹಿಡಿದಿದೆ. ಅದು ಕಾಣುತ್ತದೆ. ಗುರುತ್ವ ಮಾತ್ರ ತೂಕವನ್ನೂ ಸ್ಪ್ರಿಂಗನ್ನೂ ಪೆಟ್ಟಿಗೆಯನ್ನೂ ಒಂದೇ ಸಮ ಎಳೆಯುತ್ತದೆ. ಎಲ್ಲವನ್ನೂ ಒಂದೇ ಸಮ ಎಳೆದರೆ ಸ್ಪ್ರಿಂಗ್ ಬಾಗುವುದಿಲ್ಲ. ಆದ್ದರಿಂದ ಇಂಥ ಸಾಧನಗಳಿಗೆ ಗುರುತ್ವ ಕಾಣುವುದೇ ಇಲ್ಲ, ಗುರುತ್ವವನ್ನು ತಡೆದು ಹಿಡಿದಿರುವ ಮೇಜು ಕಾಣುತ್ತದೆ. ಬಾಟಲಿಯ ಗುಂಡೂ ಹಾಗೇ. ಅದು ತೋರಿಸುವುದು ನಿಜವಾದ ವೇಗೋತ್ಕರ್ಷ ಒಂದನ್ನೇ ಅಲ್ಲ, ಅದಕ್ಕೆ ಮೇಲ್ಮುಖವಾದ 9.8 ಸೇರಿಸಿ ಬಂದ ದಿಕ್ಕನ್ನು. ಅದಕ್ಕೇ ಕುರ್ಚಿಯಲ್ಲಿ ಪೂರ್ತಿ ಅಡ್ಡ ಮಲಗದೆ ಓರೆ ನಿಂತದ್ದು. ಬೀಳುವಾಗ ಕೆಳಮುಖದ 9.8ಕ್ಕೆ ಮೇಲ್ಮುಖದ 9.8 ಸೇರಿ ಸೊನ್ನೆ. ಬೀಳುತ್ತಿರುವವನಿಗೆ ತನ್ನ ತೂಕ ಗೊತ್ತಾಗುವುದಿಲ್ಲ ಎಂದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದೂ ಇದೇ. ಅವರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯ ದಾರಿ ಅಲ್ಲಿಂದಲೇ ಶುರುವಾಯಿತು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ ಎಂದು ಹೇಳುವವರಿಗೆ ಇದನ್ನೇ ಹೇಳಬೇಕು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ 8.7 ಮೀ/ಸೆ², ಇಲ್ಲಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ಅಷ್ಟೇ. ನಿಲ್ದಾಣ ಸೆಕೆಂಡಿಗೆ 7.67 ಕಿಲೋಮೀಟರ್ ಓಡುತ್ತಾ ಬೀಳುತ್ತಿದೆ. ಅದರ ಜವದ ವರ್ಗವನ್ನು ಭೂಮಿಯ ಕೇಂದ್ರದಿಂದ ಅದಕ್ಕಿರುವ ದೂರದಿಂದ ಭಾಗಿಸಿ ನೋಡಿ, ಅದೇ 8.7 ಬರುತ್ತದೆ.

ನಿಧಾನನಡೆ

ತಡವಾಗಿ ಬಂದೆ, ಕ್ಷಮಿಸಿ. ಓದುತ್ತಾ ಒಂದು ಅನುಮಾನ ಬಂತು. ವೃತ್ತದಲ್ಲಿ ಹೋಗುವುದೆಲ್ಲದರ ವೇಗೋತ್ಕರ್ಷವೂ ನಡುವಿನ ಕಡೆಗೇನಾ? ಲೋಲಕವೂ ವೃತ್ತದ ಕಮಾನಿನಲ್ಲೇ ತೂಗುತ್ತದೆ. ಅದರ ತೂಕ ಕೆಳಕ್ಕೆ ಎಳೆಯುತ್ತದೆ. ಹಾಗಾದರೆ ಅದರ ವೇಗೋತ್ಕರ್ಷ ಯಾವ ಕಡೆಗೆ?

ದಾರದುಂಡೆ

ಒಳ್ಳೆಯ ಅನುಮಾನ. ನೇರ ನಡುವಿನ ಕಡೆಗೆ ಅನ್ನುವುದು ಜವ ಒಂದೇ ಸಮ ಇದ್ದಾಗ ಮಾತ್ರ. ಎಷ್ಟೋ ಕಡೆ "ಏಕರೂಪ" ಅನ್ನುವ ಪದವನ್ನು ಬಿಟ್ಟು ಓದಿಸಿಬಿಡುತ್ತಾರೆ, ಅದು ನನಗೆ ಬೇಸರದ ವಿಷಯ.

ಲೋಲಕದಲ್ಲಿ ದಿಕ್ಕು ಜಾಗದಿಂದ ಜಾಗಕ್ಕೆ ತಿರುಗುತ್ತದೆ. ತುದಿಗೆ ಹೋಗಿ ಒಂದು ಕ್ಷಣ ನಿಂತಾಗ ಜವ ಸೊನ್ನೆ, ಆದ್ದರಿಂದ ನಡುವಿನ ಕಡೆಗೆ ಏನೂ ಇಲ್ಲ. ವೇಗೋತ್ಕರ್ಷ ಕಮಾನಿನ ಗುಂಟ ಕೆಳಕ್ಕೆ. ತೀರಾ ಕೆಳಗಿನ ಜಾಗದಲ್ಲಿ ಜವ ಅತಿ ಹೆಚ್ಚು, ಆದರೆ ಆ ಕ್ಷಣ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಅಲ್ಲಿ ವೇಗೋತ್ಕರ್ಷ ನೇರ ಮೇಲಕ್ಕೆ, ಕಟ್ಟಿದ ಜಾಗದ ಕಡೆಗೆ. ಗುರುತ್ವ ಕೆಳಕ್ಕೆ ಎಳೆಯುತ್ತಿದ್ದರೂ ವೇಗೋತ್ಕರ್ಷ ಮೇಲಕ್ಕೆ! ದಾರ ಗುರುತ್ವಕ್ಕಿಂತ ಜಾಸ್ತಿ ಎಳೆಯುತ್ತಿದೆ ಅಂತರ್ಥ. ದಾರವನ್ನು ಅಡ್ಡಗೆ ಹಿಡಿದು ಬಿಟ್ಟರೆ ಕೆಳಗೆ ಬಂದಾಗ ವೇಗೋತ್ಕರ್ಷ 19.6, ಮೇಲ್ಮುಖವಾಗಿ. ಆಗ ದಾರದ ಎಳೆತ ಗುಂಡಿನ ತೂಕದ ಮೂರು ಪಟ್ಟು. ಸವೆದ ದಾರ ಹೆಚ್ಚಾಗಿ ಕೆಳಗಿನ ಜಾಗದಲ್ಲೇ ಕಡಿಯುವುದು ಅದಕ್ಕೇ.

ಕಾಗದದೋಣಿ

ಇದನ್ನು ಮಗಳಿಗೆ ಓದಿ ಹೇಳಿದೆ. ಅವಳು ಬೆರಳಿನಿಂದ ಗಾಳಿಯಲ್ಲಿ ತೋರಿಸುತ್ತಾ ಹೋದಳು. "ತುದಿಯಲ್ಲಿ ಓರೆಯಾಗಿ ಕೆಳಕ್ಕೆ. ಕೆಳಗೆ ಬಂದಾಗ ನೇರ ಮೇಲಕ್ಕೆ. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಪೂರ್ತಿ ಅಡ್ಡ ಇರಬೇಕು ಅಲ್ವಾ? ಎಲ್ಲಿ?"

ದಾರದುಂಡೆ

ಇರಲೇಬೇಕು, ಇದೆ. ಚಿಕ್ಕ ತೂಗಾಟಕ್ಕೆ ಆ ಜಾಗ ತುದಿಯ ಕೋನದ 0.71 ಪಾಲಿನಲ್ಲಿ, ಅಂದರೆ ತುದಿಯ ಕೋನವನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು. 20 ಡಿಗ್ರಿಯಿಂದ ಬಿಟ್ಟರೆ ಸುಮಾರು 14 ಡಿಗ್ರಿಯಲ್ಲಿ. ದೊಡ್ಡ ತೂಗಾಟಕ್ಕೆ ಪಾಲು ಸ್ವಲ್ಪ ಕಡಿಮೆಯಾಗುತ್ತದೆ. ದಾರ ಅಡ್ಡಗೆ ಹಿಡಿದು, 90 ಡಿಗ್ರಿಯಿಂದ ಬಿಟ್ಟರೆ 54.7 ಡಿಗ್ರಿಯಲ್ಲಿ. ಆ ಕ್ಷಣದಲ್ಲಿ ದಾರದ ಎಳೆತದ ಮೇಲ್ಮುಖ ಪಾಲು ತೂಕಕ್ಕೆ ಸರಿಸಮ.

ಅವಳಿಗೆ ಒಂದು ಹಾಳೆ ಕೊಡಿ. ಕಮಾನು ಬರೆದು ಹತ್ತು ಚುಕ್ಕಿ ಇಟ್ಟು, ಒಂದೊಂದರಲ್ಲೂ ಬಾಣ ಹಾಕಲಿ. ಬರೆದದ್ದನ್ನು ಇಲ್ಲಿ ಹಾಕಿ, ನಾನೂ ನೋಡಬೇಕು.